ಬೆರಳಿಟ್ಟು ನೋಡಿ, ನಿಮ್ಮ ಮೂಳೆ ನಿಮಗೇ ಸಿಗುತ್ತದೆ

‘ಎಲ್ಲಿ ನೋವು?’ ಎಂದು ಡಾಕ್ಟರು ಕೇಳಿದರೆ ಬಹಳ ಮಂದಿ ಇಡೀ ಅಂಗೈಯನ್ನು ಸೊಂಟದ ಮೇಲಿಟ್ಟು ‘ಇಲ್ಲೇ, ಸುತ್ತಮುತ್ತ ಎಲ್ಲಾ’ ಅನ್ನುತ್ತಾರೆ. ಒಂದೇ ಬೆರಳಲ್ಲಿ ಜಾಗ ತೋರಿಸಿದರೆ ಡಾಕ್ಟರ ಅರ್ಧ ಕೆಲಸ ಹಗುರಾಗುತ್ತದೆ. ಅದಕ್ಕಾಗಿ ವಯಸ್ಕರ ಮೈಯಲ್ಲಿರುವ 206 ಮೂಳೆಗಳ ಹೆಸರನ್ನು ಬಾಯಿಪಾಠ ಮಾಡಬೇಕಿಲ್ಲ. ಅವುಗಳಲ್ಲಿ 106 ಮೂಳೆಗಳು ಎರಡು ಕೈ, ಎರಡು ಪಾದಗಳಲ್ಲೇ ಇವೆ. ಚರ್ಮದಡಿ ಕೈಗೆ ಸಿಗುವ ಹತ್ತು ಹನ್ನೆರಡು ಗುರುತುಗಳು ಗೊತ್ತಿದ್ದರೆ ದಿನನಿತ್ಯಕ್ಕೆ ಧಾರಾಳ.

ಸಡಿಲ ಬಟ್ಟೆ ತೊಟ್ಟು ಕುರ್ಚಿಯಲ್ಲಿ ಕೂತುಕೊಳ್ಳಿ. ಬೆರಳ ತುದಿಯಿಂದ ಮೆಲ್ಲಗೆ ಒತ್ತಿದರೆ ಸಾಕು. ಈ ಅಭ್ಯಾಸಕ್ಕೆಂದು ಗಾಯ, ಊತ ಇರುವ ಕಡೆ ಮತ್ತು ಗಂಟಲ ಮುಂಭಾಗದಲ್ಲಿ ಒತ್ತಬೇಡಿ.

ಮೊದಲು ದವಡೆ, ಕತ್ತು, ಎದೆ

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆಯಿರಿ. ದವಡೆಯ ಗುಂಡು ತುದಿ ಮೊದಲು ತಿರುಗಿ, ಆಮೇಲೆ ಮುಂದಕ್ಕೆ ಜಾರುವುದು ಗೊತ್ತಾಗುತ್ತದೆ. ಕಿವಿನೋವು ಎಂದುಕೊಂಡದ್ದು ಎಷ್ಟೋ ಸಲ ಈ ಕೀಲಿನ ನೋವಾಗಿರುತ್ತದೆ.

ಇನ್ನು ತಲೆ ಬಗ್ಗಿಸಿ, ಕತ್ತಿನ ಹಿಂದೆ ಬುಡದಲ್ಲಿ ಉಬ್ಬಿದ ಗುಬುಟನ್ನು ಮುಟ್ಟಿ. ಸಾಮಾನ್ಯವಾಗಿ ಅದು ಕತ್ತಿನ ಏಳನೆಯ, ಅಂದರೆ ಕೊನೆಯ ಮಣಿ. ಅಲ್ಲಿಂದ ಕೆಳಗೆ ಎದೆಭಾಗದ 12, ಸೊಂಟದ 5 ಮಣಿಗಳು. ಎರಡೂ ಕೈಗಳನ್ನು ಸೊಂಟದ ಪಕ್ಕದ ಮೂಳೆಯಂಚಿನ ಮೇಲಿಟ್ಟು ಹೆಬ್ಬೆರಳುಗಳನ್ನು ಅಡ್ಡಲಾಗಿ ಬೆನ್ನಿನ ನಡುವಿಗೆ ತನ್ನಿ. ಅವು ಸೇರುವ ಮಟ್ಟದಲ್ಲಿ ಸೊಂಟದ ನಾಲ್ಕನೆಯ ಮಣಿ ಇರುತ್ತದೆ.

ಕೊರಳ ಗುಳಿಯಿಂದ ಭುಜದ ತುದಿಯವರೆಗೆ ಬೆರಳು ಜಾರಿಸಿ. ಎರಡು ಕಡೆ ಬಾಗಿದ ಈ ಕೊರಳೆಲುಬು, ಇಡೀ ತೋಳನ್ನು ಮುಂಡಕ್ಕೆ ಮೂಳೆಯ ಮೂಲಕ ಜೋಡಿಸುವ ಒಂದೇ ಕೊಂಡಿ. ಉಳಿದದ್ದೆಲ್ಲ ಸ್ನಾಯುಗಳ ಹಿಡಿತ. ಬೈಕಿನಿಂದ ಭುಜ ಊರಿ ಬಿದ್ದವರಲ್ಲಿ ಇದು ಮುರಿಯುವುದು ಸಾಮಾನ್ಯ.

ಭುಜದ ಕೀಲು ನೇರವಾಗಿ ಬೆರಳಿಗೆ ಸಿಗದು. ಮನೆಯವರೊಬ್ಬರು ನಿಮ್ಮ ಬೆನ್ನಿನ ರೆಕ್ಕೆಮೂಳೆಯ ಮೇಲೆ ಅಂಗೈ ಇಡಲಿ, ನೀವು ನಿಧಾನವಾಗಿ ಕೈ ಎತ್ತಿ. ಸ್ವಲ್ಪ ಹೊತ್ತಿಗೆ ರೆಕ್ಕೆಮೂಳೆಯೂ ಹೊರಳತೊಡಗುತ್ತದೆ. ಪೂರ್ತಿ 180 ಡಿಗ್ರಿ ಎತ್ತುವಾಗ ಸುಮಾರು 120 ಡಿಗ್ರಿ ಭುಜದ ಕೀಲಿನದು, 60 ಡಿಗ್ರಿ ರೆಕ್ಕೆಮೂಳೆಯದು. ಚಿಕ್ಕ ತಟ್ಟೆಯ ಮೇಲೆ ದೊಡ್ಡ ಚೆಂಡಿಟ್ಟಂಥ ಜೋಡಣೆ ಇದು. ಹಾಗಾಗಿ ಎಲ್ಲ ದಿಕ್ಕಿಗೂ ಆಡುತ್ತದೆ, ಸುಲಭವಾಗಿ ಜಾರುತ್ತದೆ ಕೂಡ. ಜಾರಿದ ಭುಜವನ್ನು ಎಳೆದು ಕೂರಿಸುತ್ತೇನೆ ಎಂದು ಯಾರಾದರೂ ಮುಂದೆ ಬಂದರೆ ಒಪ್ಪಬೇಡಿ. ಜತೆಗೆ ಮೂಳೆಯೂ ಮುರಿದಿದ್ದರೆ, ನರ ಸಿಕ್ಕಿಕೊಂಡಿದ್ದರೆ ಎಳೆತದಿಂದ ಕೆಡುಕೇ ಹೆಚ್ಚು.

ಮೊಣಕೈ: ಮೂರು ಗುಬುಟು

ಮೊಣಕೈ ಮಡಿಸಿ. ಹಿಂದಿನ ಚೂಪಾದ ತುದಿ, ಒಳಗಡೆಯ ಗುಬುಟು, ಹೊರಗಡೆಯ ಗುಬುಟು – ಮೂರಕ್ಕೂ ಒಂದೊಂದು ಬೆರಳಿಡಿ. ತ್ರಿಕೋನ ಕಾಣುತ್ತದೆ. ಕೈ ಚಾಚಿದರೆ ಅದೇ ಮೂರೂ ಒಂದೇ ಗೆರೆಗೆ ಬರುತ್ತವೆ. ಬಿದ್ದ ಮಗುವಿನ ಮೊಣಕೈಯಲ್ಲಿ ಡಾಕ್ಟರು ಹುಡುಕುವುದು ಇದನ್ನೇ. ಕೀಲು ಜಾರಿದ್ದರೆ ತ್ರಿಕೋನ ಕೆಡುತ್ತದೆ. ಅದಕ್ಕಿಂತ ಮೇಲೆ ತೋಳಿನ ಮೂಳೆ ಮುರಿದಿದ್ದರೆ ಸಾಮಾನ್ಯವಾಗಿ ತ್ರಿಕೋನ ಹಾಗೇ ಉಳಿಯುತ್ತದೆ. ಒಳಗಡೆಯ ಗುಬುಟಿನ ಹಿಂದೆಯೇ ನರವೊಂದು ಹಾದುಹೋಗಿದೆ. ಮೇಜಿನಂಚಿಗೆ ಮೊಣಕೈ ತಗುಲಿದಾಗ ಕಿರುಬೆರಳವರೆಗೆ ಕರೆಂಟ್ ಹೊಡೆದಂತಾಗುವುದು ಅದರಿಂದಲೇ.

ಮೊಣಕೈಯ ಚೂಪು ತುದಿಯಿಂದ ಕಿರುಬೆರಳ ಕಡೆಯ ಮಣಿಕಟ್ಟಿನವರೆಗೆ ಒಂದೇ ಮೂಳೆಯನ್ನು ಸವರುತ್ತ ಹೋಗಬಹುದು. ಈಗ ಅಂಗೈಯನ್ನು ಮೇಲಿಂದ ಕೆಳಕ್ಕೆ ಮಗುಚಿ. ಈ ಮೂಳೆ ಹೆಚ್ಚೇನೂ ಕದಲುವುದಿಲ್ಲ. ಹೆಬ್ಬೆರಳ ಕಡೆಯ ಮೂಳೆ ಅದರ ಮೇಲೆ ಅಡ್ಡಹಾಯುತ್ತದೆ. ಬೀಗ ತಿರುಗಿಸುವಾಗ, ದೋಸೆ ಮಗುಚುವಾಗ ನಡೆಯುವುದು ಇಷ್ಟೇ. ನೋಡಿದಷ್ಟು ಸಲವೂ ನನಗೆ ಇದು ಸೊಗಸೆನಿಸುತ್ತದೆ.

ಹೆಬ್ಬೆರಳನ್ನು ಸೆಟೆದು ಚಾಚಿದರೆ ಅದರ ಬುಡದಲ್ಲಿ ಸಣ್ಣ ಗುಳಿ ಬೀಳುತ್ತದೆ. ಮಣಿಕಟ್ಟಿನ ಎಂಟು ಪುಟ್ಟ ಮೂಳೆಗಳಲ್ಲಿ ಒಂದು ಅಲ್ಲಿದೆ. ಅಂಗೈ ಊರಿ ಬಿದ್ದ ಮೇಲೆ ಆ ಗುಳಿಯಲ್ಲಿ ಒತ್ತಿದರೆ ನೋವಾಗುತ್ತಿದ್ದರೆ ಡಾಕ್ಟರಿಗೆ ಮರೆಯದೆ ತೋರಿಸಿ. ಅಲ್ಲಿನ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು. ರಕ್ತದ ಹರಿವು ಅಲ್ಲಿ ಕಡಿಮೆ. ಹೀಗಾಗಿ ಕಡೆಗಣಿಸಿದರೆ ಮೂಳೆ ಕೂಡಿಕೊಳ್ಳುವುದೇ ಕಷ್ಟವಾಗುತ್ತದೆ.

ಸೊಂಟ ಮತ್ತು ತೊಡೆಯ ಕೀಲು

ಹೆಚ್ಚು ಗೊಂದಲವಾಗುವುದು ಇಲ್ಲಿ. ಎದ್ದು ನಿಂತು, ತೊಡೆಯ ಹೊರಮೈಯ ಮೇಲ್ಭಾಗದಲ್ಲಿ ಅಂಗೈ ಇಟ್ಟು, ಹಿಮ್ಮಡಿ ಊರಿಕೊಂಡೇ ಪಾದವನ್ನು ಒಳಕ್ಕೂ ಹೊರಕ್ಕೂ ತಿರುಗಿಸಿ. ಅಂಗೈಯಡಿ ಗಟ್ಟಿ ಗುಬುಟೊಂದು ಉರುಳುತ್ತದೆ. ಮಗ್ಗುಲಾಗಿ ಮಲಗಿದಾಗ ಹಾಸಿಗೆಗೆ ಒತ್ತುವುದೂ ಅದೇ. ತೊಡೆಯ ಕೀಲು ಅದೇ ಎಂದು ತಿಳಿದವರು ಬಹಳ. ಆದರೆ ಕೀಲು ಇರುವುದು ಮುಂದೆ, ತೊಡೆಸಂದಿನ ಮಡಿಕೆಯ ಆಳದಲ್ಲಿ. ಅದು ಸವೆದಾಗ ನೋವು ಹೆಚ್ಚಾಗಿ ತೊಡೆಸಂದಿಯಲ್ಲೇ ಬರುತ್ತದೆ. ಒಮ್ಮೊಮ್ಮೆ ಮಂಡಿಯಲ್ಲಿ ಕಾಣಿಸಿಕೊಂಡು ದಾರಿ ತಪ್ಪಿಸುತ್ತದೆ. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದು, ಕಾಲಿನ ಉಗುರು ಕತ್ತರಿಸಿಕೊಳ್ಳುವುದು ಇಂಥವರಿಗೆ ಮೊದಮೊದಲೇ ಕಷ್ಟವಾಗುತ್ತದೆ. ನೋವು ಬೆನ್ನ ಕೆಳಭಾಗದಲ್ಲಿದ್ದು ಕಾಲಿನ ಹಿಂಬದಿಗೆ ಎಳೆಯುತ್ತಿದ್ದರೆ ಬೆನ್ನುಮೂಳೆಯ ಕಡೆ ನೋಡಬೇಕು. ಎರಡನ್ನೂ ‘ಸೊಂಟನೋವು’ ಎಂದಷ್ಟೇ ಹೇಳಿದರೆ ಎಕ್ಸ್‌ರೇ ಬೇಡದ ಜಾಗದ್ದಾಗಬಹುದು.

ಮಂಡಿ

ಕಾಲು ಚಾಚಿ ಸಡಿಲ ಬಿಟ್ಟರೆ ಮಂಡಿಚಿಪ್ಪು ಅತ್ತಿತ್ತ ಆಡುತ್ತದೆ. ತೊಡೆ ಬಿಗಿದರೆ ನಿಂತುಬಿಡುತ್ತದೆ. ಕಾಲು ಮಡಿಸಿ ಚಿಪ್ಪಿನ ಕೆಳಗೆ ಎರಡೂ ಬದಿಯ ತಗ್ಗನ್ನು ಒತ್ತಿ ನೋಡಿ. ತೊಡೆಮೂಳೆ, ಕಣಕಾಲಿನ ಮೂಳೆ ಸೇರುವ ಗೆರೆ ಅಲ್ಲಿದೆ. ಚಿಪ್ಪಿನ ಕೆಳಗೆ ಮೂಳೆಯ ಮೇಲಿನ ಉಬ್ಬು ಆಟವಾಡುವ, ಬೆಳೆಯುವ ಮಕ್ಕಳಲ್ಲಿ ನೋಯುವುದುಂಟು. ನೋವು, ಊತ ಇಲ್ಲದೆ ಬರೀ ‘ಕಟಕಟ’ ಸದ್ದು ಬಂದರೆ ಹೆದರಬೇಕಿಲ್ಲ.

ಕಾಲು ಉಳುಕಿದಾಗ

ಪಾದದ ಮೇಲೆ ಎರಡೂ ಬದಿ ಎದ್ದು ಕಾಣುವ ಗುಬುಟುಗಳು ಕಣಕಾಲಿನ ಎರಡು ಮೂಳೆಗಳ ಕೆಳತುದಿಗಳು. ಹೊರಗಿನದು ಇನ್ನಷ್ಟು ಕೆಳಗೆ ಇಳಿದಿದೆ. ಉಳುಕಿದಾಗ ಎಕ್ಸ್‌ರೇ ಬೇಕೇ ಎಂದು ತೀರ್ಮಾನಿಸಲು ಕೆನಡಾದ ಒಟ್ಟಾವದ ವೈದ್ಯರು 1992ರಲ್ಲಿ ಪ್ರಕಟಿಸಿದ ಸರಳ ನಿಯಮ ಇಂದಿಗೂ ಬಳಕೆಯಲ್ಲಿದೆ. ಎರಡೂ ಗುಬುಟುಗಳ ಹಿಂದಿನ ಅಂಚನ್ನು ತುದಿಯಿಂದ ಮೇಲಕ್ಕೆ 6 ಸೆಂ.ಮೀ. ವರೆಗೆ ಒತ್ತಿ ನೋಡಿ. ಆಮೇಲೆ ಪಾದದ ಹೊರಅಂಚಿನ ನಡುವೆ ಉಬ್ಬಿದ ಮೂಳೆಯನ್ನು, ಒಳಅಂಚಿನ ಕಮಾನಿನ ಮೇಲ್ಭಾಗದ ಮೂಳೆಯನ್ನು ಒತ್ತಿ. ಎಲ್ಲಾದರೂ ಮೂಳೆಯ ಮೇಲೆಯೇ ನೋವಿದ್ದರೆ, ಅಥವಾ ನಾಲ್ಕು ಹೆಜ್ಜೆ ಇಡಲೂ ಆಗದಿದ್ದರೆ ಎಕ್ಸ್‌ರೇ ತೆಗೆಸಿ. ಇವೇನೂ ಇಲ್ಲದಿದ್ದರೆ ಮುರಿದಿರುವ ಸಾಧ್ಯತೆ ತೀರಾ ಕಡಿಮೆ. ಪುಟ್ಟ ಮಕ್ಕಳಿಗೆ ಮತ್ತು ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರಿಗೆ ಈ ಪರೀಕ್ಷೆಯನ್ನು ನಂಬಬೇಡಿ.

ಯಾವುದೇ ಕೀಲು ಇದ್ದಕ್ಕಿದ್ದಂತೆ ಕೆಂಪಾಗಿ ಊದಿ, ಮುಟ್ಟಿದರೆ ಬಿಸಿಯಾಗಿದ್ದು, ಜತೆಗೆ ಜ್ವರವೂ ಬಂದರೆ ಬೆರಳಿಟ್ಟು ಹುಡುಕುತ್ತ ಕೂರಬೇಡಿ. ಕೀಲಿನೊಳಗೆ ಸೋಂಕಾಗಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ.