ಗೆಳತಿ ಗುಡಿಗೆ ಕರೆದರೆ

ಕೊಡಗಿನ ಚೆಟ್ಟಳ್ಳಿಯ ಸಹೋದರಿಗೆ,

ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿರುವ ನಿಮ್ಮನ್ನು ಗೆಳತಿ ಹೊಸವರ್ಷಕ್ಕೆ ಶಿಂಟೋ ಗುಡಿಗೆ ಕರೆದಿದ್ದಾರೆ. ಹೋದರೆ ಕ್ರಿಸ್ತನಿಗೆ ದ್ರೋಹವೇ ಎಂದು ಕೇಳಿದ್ದೀರಿ. ಊರಿನಲ್ಲಿ ಹುತ್ತರಿಗೆ ಪಕ್ಕದ ಮನೆಯವರು ಕರೆದರೆ ತಂಬಿಟ್ಟು ತಿಂದು ಬರುವುದಿಲ್ಲವೇ? ಹೋಗಿ ಬನ್ನಿ. ಅಲ್ಲಿ ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುವ ವಾಡಿಕೆ. ಅದು ಪೂಜೆಯೇ. ಮನಸ್ಸು ಒಪ್ಪದಿದ್ದರೆ ಪಕ್ಕಕ್ಕೆ ನಿಲ್ಲಿ. ಹಾಗೆಂದು ಗೆಳತಿಗೆ ಮೊದಲೇ ಹೇಳಿಬಿಡಿ.

1836ರಲ್ಲಿ ಮಂಗಳೂರಿಗೆ ಬಂದು, ಮುಂದೆ ಕೊಡಗಿನಲ್ಲೂ ದುಡಿದ ಹರ್ಮನ್ ಮೋಗ್ಲಿಂಗ್ ಕ್ರೈಸ್ತ ಧರ್ಮಪ್ರಚಾರಕ್ಕೇ ಬಂದವರು. ಆದರೂ ದಾಸರ ಪದಗಳನ್ನು ಕಲೆಹಾಕಿ ಅಚ್ಚು ಹಾಕಿಸಿದರು. ಅದರಿಂದ ಅವರ ವಿಶ್ವಾಸವೇನೂ ಸವೆಯಲಿಲ್ಲ.

ನೀವಂತೂ ಶಿಕ್ಷಕಿ. ತರಗತಿಯಲ್ಲಿ ಧರ್ಮದ ಮಾತು ಬೇಡ. ಗೆಳತಿ ತಾವಾಗಿ ಕೇಳಿದರೆ ಮಾತ್ರ ಹೇಳಿ. ಮುಂದಿನ ಕ್ರಿಸ್‌ಮಸ್‌ಗೆ ಅವರನ್ನು ಮನೆಗೆ ಕರೆದು ಕಾಚಂಪುಳಿ ಹಾಕಿದ ಹಂದಿಕರಿ ಬಡಿಸಿ.