ವಿಷ ಹೀರುವ ಗಿಡಗಳು

ವಿದ್ಯಾರ್ಥಿಗಳೇ, ಇಲ್ಲಿ ನಮ್ಮ ನಲ್ಲಿಗಳಲ್ಲಿ ಬರುವುದು ಸಮುದ್ರದ ನೀರಿನಿಂದ ಉಪ್ಪನ್ನು ಬೇರ್ಪಡಿಸಿ ಸಿದ್ಧಪಡಿಸಿದ ನೀರು. ನಮ್ಮ ನಾಡಿನ ಅನೇಕ ಹಳ್ಳಿಗಳಿಗೆ ಬೋರ್‌ವೆಲ್ ನೀರೇ ಆಧಾರ. ಕಣ್ಣಿಗೆ ತಿಳಿಯಾಗಿ ಕಾಣುವ ಆ ನೀರಿನಲ್ಲೂ ವಿಷವಿರಬಹುದು. ಇದಕ್ಕೆ ಯಾದಗಿರಿ ಜಿಲ್ಲೆಯ ಸುರಪುರ ಪ್ರದೇಶದ ಕಿರದಳ್ಳಿ ತಾಂಡಾ ಒಂದು ಉದಾಹರಣೆ.

ಈ ತಾಂಡಾದ ಸಮೀಪ ಮಂಗಳೂರು ಎಂಬ ಹಳ್ಳಿಯಿದೆ (ಇದು ಕರಾವಳಿಯ ಮಂಗಳೂರಲ್ಲ). ಅಲ್ಲಿ ಹಿಂದೆ ಚಿನ್ನದ ಗಣಿಯಿತ್ತು. ಚಿನ್ನದ ಅದಿರಿನ ಜೊತೆಯಲ್ಲಿ ಆರ್ಸೆನಿಕ್ ಇರುವ ಕಲ್ಲು ಸಾಮಾನ್ಯವಾಗಿ ಇರುತ್ತದೆ. ಅದು ಗಾಳಿ, ನೀರಿಗೆ ಸಿಕ್ಕಾಗ ಆರ್ಸೆನಿಕ್ ಕರಗಿ ಅಂತರ್ಜಲ ಸೇರುತ್ತದೆ. ಈ ಭಾಗದ ನೀರಿನಲ್ಲಿ ಆರ್ಸೆನಿಕ್ ಮಿತಿಮೀರಿರುವುದನ್ನೂ ಜನರಲ್ಲಿ ಚರ್ಮರೋಗ ಕಂಡುಬಂದದ್ದನ್ನೂ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಆರ್ಸೆನಿಕ್ 0.01 ಮಿಲಿಗ್ರಾಂ ಮೀರಬಾರದು. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೈಮೇಲೆ ಕಪ್ಪು ಚುಕ್ಕೆಗಳಾಗುತ್ತವೆ, ಅಂಗೈ ಅಂಗಾಲು ಗಡುಸಾಗುತ್ತವೆ. ಕ್ಯಾನ್ಸರ್ ಕೂಡ ಬರಬಹುದು.

ಇಂತಹ ಮಣ್ಣನ್ನು ಗಿಡಗಳಿಂದ ಶುದ್ಧಿ ಮಾಡಬಹುದೇ? 2001ರಲ್ಲಿ ಅಮೆರಿಕದ ಫ್ಲೋರಿಡಾದ ವಿಜ್ಞಾನಿಗಳು ಟೆರಿಸ್ ವಿಟ್ಟಾಟ ಎಂಬ ಜರಿಗಿಡ ಮಣ್ಣಿನ ಆರ್ಸೆನಿಕ್ಕನ್ನು ಹೀರಿ ಎಲೆಗಳಲ್ಲಿ ಕೂಡಿಡುತ್ತದೆಂದು ತೋರಿಸಿದರು. ನಮ್ಮ ದೇಶದಲ್ಲೂ ಹಳೆಯ ಗೋಡೆಗಳ ಸಂದಿನಲ್ಲಿ ಬೆಳೆಯುವ ಗಿಡವಿದು. ಆದರೆ ಹೆಚ್ಚಿನ ಗಿಡಗಳಿಗೆ ಈ ಶಕ್ತಿಯಿಲ್ಲ. ಆರ್ಸೆನಿಕ್ ಹೆಚ್ಚಾದರೆ ಅವು ಸಾಯುತ್ತವೆ.

ಇಲ್ಲಿ ನೆರವಿಗೆ ಬರುವುದು ಕುಲಾಂತರಿ ತಂತ್ರ, ಅಂದರೆ ಒಂದು ಜೀವಿಯ ವಂಶವಾಹಿಯನ್ನು ಇನ್ನೊಂದಕ್ಕೆ ಸೇರಿಸುವುದು. 2002ರಲ್ಲಿ ಭಾರತೀಯ ಮೂಲದ ಓಂ ಪ್ರಕಾಶ್ ಧನ್‌ಖೇರ್ ಮತ್ತು ಸಂಗಡಿಗರು ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಸಾಸಿವೆ ಕುಟುಂಬದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡಕ್ಕೆ ಬ್ಯಾಕ್ಟೀರಿಯಾದ ಎರಡು ವಂಶವಾಹಿಗಳನ್ನು ಸೇರಿಸಿದರು. ಒಂದು ಆರ್ಸೆನಿಕ್‌ನ ರೂಪವನ್ನು ಬದಲಿಸುತ್ತದೆ. ಇನ್ನೊಂದು ಅದನ್ನು ಎಲೆಯಲ್ಲಿಯೇ ಕಟ್ಟಿಹಾಕುವ ವಸ್ತುವನ್ನು ಹೆಚ್ಚಿಸುತ್ತದೆ. ಈ ಗಿಡಗಳು ವಿಷದ ನಡುವೆಯೂ ಚೆನ್ನಾಗಿ ಬೆಳೆದು, ಸಾಮಾನ್ಯ ಗಿಡಗಳಿಗಿಂತ 2ರಿಂದ 3 ಪಟ್ಟು ಹೆಚ್ಚು ಆರ್ಸೆನಿಕ್ಕನ್ನು ಕೂಡಿಟ್ಟವು.

ಹಾಗಾದರೆ ಸಮಸ್ಯೆ ಮುಗಿಯಿತೇ? ಇಲ್ಲ. ಲೋಹ ಎಂದೂ ನಾಶವಾಗುವುದಿಲ್ಲ. ಜಾಗ ಬದಲಿಸುತ್ತದೆ, ಅಷ್ಟೆ. ಎಲೆ ಉದುರಿದರೆ ವಿಷ ಮತ್ತೆ ಮಣ್ಣಿಗೆ, ಆಡು ಮೇಯ್ದರೆ ಅದರ ಹೊಟ್ಟೆಗೆ. ಆದ್ದರಿಂದ ಗಿಡಗಳನ್ನು ಕಾಲಕಾಲಕ್ಕೆ ಕೊಯ್ದು ಸುರಕ್ಷಿತ ಸ್ಥಳದಲ್ಲಿಡಬೇಕು. 2003ರಲ್ಲಿ ಅಮೆರಿಕದ ಡ್ಯಾನ್‌ಬರಿಯಲ್ಲಿ, ಹಿಂದೆ ಟೋಪಿ ಕಾರ್ಖಾನೆಯಿದ್ದ ಪಾದರಸ ತುಂಬಿದ ಜಾಗದಲ್ಲಿ ಕುಲಾಂತರಿ ಮರಗಳನ್ನು ಪ್ರಯೋಗಕ್ಕಾಗಿ ನೆಟ್ಟರು. ಅಂತಹ ಮರಗಳು ಪಾದರಸವನ್ನು ಆವಿಯಾಗಿಸಿ ಗಾಳಿಗೆ ಬಿಡುತ್ತವೆ. ಅಲ್ಲಿಯೂ ಅದೇ ಪ್ರಶ್ನೆ: ಲೋಹ ಹೋದದ್ದೆಲ್ಲಿಗೆ? ಇದಲ್ಲದೆ, ಕುಲಾಂತರಿ ಗಿಡದ ಪರಾಗ ಹೊಲದ ಬೆಳೆಗೆ ಸೇರದಂತೆಯೂ ನೋಡಿಕೊಳ್ಳಬೇಕು. ಭಾರತದಲ್ಲಿ ಇಂತಹ ಗಿಡಗಳಿಗೆ 1989ರ ನಿಯಮಗಳಂತೆ ಸರ್ಕಾರದ ಅನುಮತಿ ಬೇಕು.

ಗಿಡದ ಬೇರು ಆಳದ ಬೋರ್‌ವೆಲ್ ನೀರನ್ನು ಮುಟ್ಟುವುದಿಲ್ಲ. ಮೇಲ್ಮಣ್ಣಿನ ಶುದ್ಧಿಗೂ ಹಲವು ವರ್ಷ ಬೇಕು. ಅಲ್ಲಿಯವರೆಗೆ ಜನ ಕಾಯಲಾಗದು. ಮೊದಲು ಅವರಿಗೆ ಬೇರೆ ಕಡೆಯ ಶುದ್ಧ ನೀರು ಸಿಗಬೇಕು.

ಪೋಷಕರಿಗೊಂದು ಮಾತು: ನೀರನ್ನು ಕುದಿಸಿದರೆ ರೋಗಾಣು ಸಾಯುತ್ತವೆ, ಆರ್ಸೆನಿಕ್ ಹೋಗುವುದಿಲ್ಲ. ಊರಿನ ಮನೆಯಲ್ಲಿ ಬೋರ್‌ವೆಲ್ ಇದ್ದರೆ ಅದರ ನೀರನ್ನು ಒಮ್ಮೆ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ.

ಯೋಚಿಸಿ ಉತ್ತರಿಸಿ:
1. ಆರ್ಸೆನಿಕ್ ಹೀರಿದ ಗಿಡವನ್ನು ಗೊಬ್ಬರಕ್ಕೆ ಬಳಸಬಹುದೇ? ಏಕೆ?
2. ಇಂತಹ ಗಿಡ ಬೆಳೆಸುವ ಜಾಗಕ್ಕೆ ಬೇಲಿ ಏಕೆ ಬೇಕು?
3. ಗಣಿ ಮುಚ್ಚಿದ ಮೇಲೆ ಆ ನೆಲವನ್ನು ಶುದ್ಧಿ ಮಾಡುವ ಹೊಣೆ ಯಾರದು?