ಭಾವಚಿತ್ರವನ್ನು ತಿದ್ದುವ ಬಗೆ

ಕಳೆದ ವರ್ಷದ ನಮ್ಮ ವಾರ್ಷಿಕ ಸಂಚಿಕೆಯಲ್ಲಿ ಬಹುಮಾನ ಪಡೆದ ಬಾಲಿಕೆಯೊಬ್ಬಳ ಭಾವಚಿತ್ರವು ಅಚ್ಚಾಗಿತ್ತು. ಅವಳ ಅಜ್ಜಿಯವರು ಪುಸ್ತಕವನ್ನು ಕಣ್ಣ ಬಳಿ ಹಿಡಿದು ನೋಡಿ, "ಇದು ಯಾರ ಮನೆಯ ಕೂಸು?" ಎಂದು ಕೇಳಿದರಂತೆ. ಅದು ಅಜ್ಜಿಯ ದೃಷ್ಟಿದೋಷವಲ್ಲ. ಚಿತ್ರ ತೆಗೆದ ಮೊಬೈಲು ತಾನಾಗಿಯೇ ಮೈಬಣ್ಣವನ್ನು ಬಿಳುಪಾಗಿಸಿ, ಚರ್ಮವನ್ನು ಮೇಣದಂತೆ ನಯಗೊಳಿಸಿ, ಎಡಗೆನ್ನೆಯ ಮಚ್ಚೆಯನ್ನು ಒರಸಿಹಾಕಿತ್ತು. ಶಾಲೆಯ ದಾಖಲೆಯಲ್ಲಿ ಅವಳ ದೇಹದ ಗುರುತೆಂದು ನಾವು ಬರೆದುಕೊಂಡಿದ್ದುದು ಅದೇ ಮಚ್ಚೆ! ಅಚ್ಚಿಗೆ ಕಳುಹಿಸುವ ಮುನ್ನ ನೋಡಿ ಒಪ್ಪಿದವರು ನಾವೇ ಆದುದರಿಂದ ತಪ್ಪೂ ನಮ್ಮದೇ. ಈ ಪಾಠವು ಅದರ ಫಲ.

ಮುಖವನ್ನು ತಿದ್ದುವುದು ಹೊಸ ಚಾಳಿಯೇನಲ್ಲ. ಮ್ಯೂನಿಕ್ ನಗರದ ಫ್ರಾಂಟ್ಸ್ ಹಾನ್‌ಫ್‌ಸ್ಟೆಂಗ್ಲ್ ಎಂಬವನು 1855ರಷ್ಟು ಹಿಂದೆಯೇ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ತಿದ್ದಿದ ಚಿತ್ರಗಳನ್ನು ಇರಿಸಿದ್ದನು. ನೆಗೆಟಿವಿನ ಮೇಲೆ ಮೊನಚಾದ ಸೀಸದ ಕಡ್ಡಿಯಿಂದ ಟಚಿಂಗ್ ಮಾಡುತ್ತಿದ್ದ ಸ್ಟುಡಿಯೋಗಳನ್ನು ನಿಮ್ಮ ಹಿರಿಯರು ಬಲ್ಲರು. ಫೋಟೋಶಾಪ್ 1990ರಲ್ಲಿ ಬಂದಿತು. ಬೆಲೆಯಿಲ್ಲದೆ ದೊರೆಯುವ ಗಿಂಪ್ 1996ರಲ್ಲಿ. ನಮ್ಮ ಶಾಲೆಯಲ್ಲಿರುವುದು ಗಿಂಪ್, ಆದುದರಿಂದ ಅದನ್ನೇ ಹಿಡಿದು ಹೇಳುತ್ತೇವೆ.

ಮೌಸಿಗೆ ಕೈಹಾಕುವ ಮೊದಲು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಿರಿ. ಈ ಗುರುತು ತಿಂಗಳು ಕಳೆದ ಮೇಲೂ ಮುಖದಲ್ಲಿ ಇರುವುದೇ? ಮೊಡವೆ, ಸೊಳ್ಳೆ ಕಚ್ಚಿದ ಗುಳ್ಳೆ, ಕೆನ್ನೆಗಂಟಿದ ಧೂಳು ಇವು ತಾವಾಗಿ ಹೋಗತಕ್ಕವು, ತೆಗೆಯಬಹುದು. ಮಚ್ಚೆ, ಹಳೆಯ ಗಾಯದ ಕಲೆ, ನಕ್ಕಾಗ ಬೀಳುವ ಗೆರೆ ಇವು ಆ ವ್ಯಕ್ತಿಯ ಸ್ವತ್ತು. ಅವರಾಗಿ ಕೇಳಿದ ಹೊರತು ಮುಟ್ಟಕೂಡದು. ಪಾಸ್‌ಪೋರ್ಟಿನ ಚಿತ್ರದಲ್ಲಾದರೆ ಮೊಡವೆಯನ್ನು ತಿದ್ದುವುದೂ ಸಲ್ಲದು.

ಮೂಲಚಿತ್ರದ ಪದರವನ್ನು ನಕಲುಮಾಡಿಕೊಂಡು ಆ ನಕಲಿನ ಮೇಲೆಯೇ ಕೆಲಸಮಾಡಿರಿ. ಚಿತ್ರವನ್ನು ನೂರಕ್ಕೆ ನೂರರ ಅಳತೆಗೆ ಹಿಗ್ಗಿಸಿ, ಹೀಲ್ ಎಂಬ ಉಪಕರಣವನ್ನು ಆರಿಸಿ, ಕುಂಚವನ್ನು ಮೊಡವೆಗಿಂತ ತುಸುವೇ ದೊಡ್ಡದಾಗಿ ಇಟ್ಟುಕೊಳ್ಳಿರಿ. ಕಂಟ್ರೋಲ್ ಕೀಲಿಯನ್ನು ಒತ್ತಿಹಿಡಿದು ಸಮೀಪದ ಒಳ್ಳೆಯ ಚರ್ಮದ ಮೇಲೆ ಕ್ಲಿಕ್ ಮಾಡಿ, ಕೀಲಿಯನ್ನು ಬಿಟ್ಟು, ಮೊಡವೆಯ ಮೇಲೆ ಒಮ್ಮೆ ಕ್ಲಿಕ್ ಮಾಡಿದರೆ ಸಾಕು. ಕ್ಲೋನ್ ಉಪಕರಣವು ಅಲ್ಲಿಯ ಚರ್ಮವನ್ನು ಇದ್ದಂತೆಯೇ ತಂದು ಅಂಟಿಸುವುದು. ಹೀಲ್ ಆದರೋ ಅಲ್ಲಿಯ ನೇಯ್ಗೆಯನ್ನು ತಂದು ಇಲ್ಲಿಯ ಬಣ್ಣಕ್ಕೂ ಬೆಳಕಿಗೂ ಹೊಂದಿಸುವುದು. ಆದುದರಿಂದಲೇ ತೇಪೆ ಕಾಣದು. ಆದರೆ ಕೂದಲಿನ ಅಂಚಿನಲ್ಲಿ ಅದು ಕಪ್ಪನ್ನು ಎಳೆದುತಂದು ಮಸಿ ಬಳಿದಂತೆ ಮಾಡುವುದುಂಟು. ಅಲ್ಲಿ ಕ್ಲೋನೇ ಮೇಲು. ಬ್ಲರ್ ಮಾತ್ರ ಬೇಡವೇ ಬೇಡ. ರೋಮರಂಧ್ರಗಳು ಅಳಿದ ಮುಖವು ಗೊಂಬೆಯ ಮುಖ.

ಪರೀಕ್ಷೆಯ ಕಾಲದ ನಿದ್ದೆಗೇಡಿನಿಂದ ಕಣ್ಣ ಕೆಳಗೆ ಕಪ್ಪಾಗಿದ್ದರೆ, ತಿದ್ದಿದ ಪದರದ ಇನ್ನೊಂದು ನಕಲಿನಲ್ಲಿ ಅದನ್ನು ತೆಗೆದು, ಆ ಪದರದ ಒಪ್ಯಾಸಿಟಿಯನ್ನು ಅರ್ಧಕ್ಕೆ ಇಳಿಸಿರಿ. ಕೆಳಗಿನ ನಿಜವಾದ ನೆರಳು ಅರ್ಧ ಕಾಣುತ್ತಲೇ ಇರುವುದು, ದಣಿವು ತಗ್ಗುವುದು.

ಇನ್ನು ಬಣ್ಣ. "ಮಾಸ್ಟ್ರೇ, ಮಗಳನ್ನು ಸ್ವಲ್ಪ ಬೆಳ್ಳಗೆ ಮಾಡಿ ಕೊಡಿ" ಎನ್ನುವ ತಂದೆತಾಯಿಗಳು ಪ್ರತಿವರ್ಷವೂ ಬರುತ್ತಾರೆ. ಆ ಮಗಳು ಪಕ್ಕದಲ್ಲಿಯೇ ನಿಂತು ಕೇಳುತ್ತಿರುತ್ತಾಳೆ! ಪೋಷಕರು ಕ್ಷಮಿಸಬೇಕು, ಈ ಒಂದು ಕೆಲಸವನ್ನು ನಾವು ಮಾಡಿಕೊಡಲಾರೆವು. ಟ್ಯೂಬ್‌ಲೈಟಿನ ಬೆಳಕಿನಿಂದ ಮುಖಕ್ಕೆ ಹಸುರು ಛಾಯೆ ಬಂದಿದ್ದರೆ ಅದನ್ನು ನೀಗಿಸುವುದು ನ್ಯಾಯವೇ. ಲೆವೆಲ್ಸ್ ತೆರೆದು, ಬೂದುಬಿಂದುವನ್ನು ಆರಿಸುವ ಕಡ್ಡಿಯಿಂದ ಸಮವಸ್ತ್ರದ ಬಿಳಿ ಅಂಗಿಯ ಮಡಿಕೆಯೊಂದರ ನೆರಳಿನ ಮೇಲೆ ಕ್ಲಿಕ್ ಮಾಡಿರಿ. ಅಂಗಿಯ ಹಸುರು ಹೋಗಿ ಬಿಳಿಯಾದಂತೆ ಮುಖವೂ ತನ್ನ ಸ್ವಂತ ಬಣ್ಣಕ್ಕೆ ಮರಳುವುದು. ಅಲ್ಲಿಗೆ ನಿಲ್ಲಿಸತಕ್ಕದ್ದು.

ಈ ಸಲ ಆ ಬಾಲಿಕೆಯ ಚಿತ್ರವನ್ನು ಶಾಲೆಯ ಜಗಲಿಯ ನೆರಳಿನಲ್ಲಿ ಹೊಸದಾಗಿ ತೆಗೆಸಿದೆವು. ಒಂಬತ್ತನೆಯ ತರಗತಿಯ ಹುಡುಗರು ಗದ್ದದ ಮೇಲಿನ ಎರಡು ಮೊಡವೆಗಳನ್ನು ತೆಗೆದರು. ಮಚ್ಚೆ ಇದ್ದಲ್ಲಿಯೇ ಇದೆ. ಅಚ್ಚಿಗೆ ಕೊಡುವ ಮೊದಲು ಒಂದು ಪ್ರತಿಯನ್ನು ಅಜ್ಜಿಯವರಿಗೆ ಕಳುಹಿಸಿ ಕೇಳಿದ್ದೇವೆ.